ಮೊದಲ ತಟ್ಟೆ ಯಾರಿಗೆ?

ಯುಎಚ್‌ವಿ ಕ್ಲಾಸನ್ನ ಯಾರೂ ಸೀರಿಯಸ್ಸಾಗಿ ತಗೊಳ್ಳಲ್ಲ ಅನ್ನೋದು ಈ ಮ್ಯಾಗಜೀನ್ ಓದೋ ಎಲ್ಲರಿಗೂ ಗೊತ್ತು. ಕಳೆದ ಸೆಮ್‌ನಲ್ಲಿ ನಮ್ಮ ಸೆಕ್ಷನ್‌ಗೆ ಕೊಟ್ಟ ಪ್ರೆಸೆಂಟೇಶನ್ ವಿಷಯ ‘ಹಿರಿಯರಿಗೆ ಗೌರವ’. ಒಂದು ಟೀಮಿನವರ ಕೊನೆಯ ಸ್ಲೈಡಿನಲ್ಲಿ ಒಂದು ಫೋಟೊ ಇತ್ತು. ತಲೆ ತುಂಬ ಹದ್ದಿನ ಗರಿ, ಸುಕ್ಕುಗಟ್ಟಿದ ಮುಖ, ಎಲ್ಲೋ ದೂರ ನೋಡ್ತಿರೋ ಕಣ್ಣು. ಅದರ ಕೆಳಗೆ ಮುಪ್ಪಿನ ಬಗ್ಗೆ ಒಂದು ಚಂದದ ಮಾತು. ಅದರ ಕೆಳಗೆ ಸಣ್ಣ ಅಕ್ಷರದಲ್ಲಿ ‘ನೇಟಿವ್ ಅಮೆರಿಕನ್ ಗಾದೆ’ ಅಂತ. ನೀವೂ ನೋಡಿರ್ತೀರ. ಪ್ರತಿ ಮನೆಯ ಫ್ಯಾಮಿಲಿ ಗ್ರೂಪಿನಲ್ಲೂ ವಾರಕ್ಕೊಂದು ಸಲ ಈ ಅಜ್ಜ ಗುಡ್ ಮಾರ್ನಿಂಗ್ ಹೇಳೋಕೆ ಬರ್ತಾರೆ.

ಮೇಡಂ ಒಂದೇ ಪ್ರಶ್ನೆ ಕೇಳಿದ್ರು. “ಯಾವ ಜನರ ಗಾದೆ ಇದು? ಯಾವ ಭಾಷೇದು?”

ಯಾರೂ ಮಾತಾಡಲಿಲ್ಲ.

“ಯಾರಾದ್ರೂ ‘ಭಾರತೀಯ ಭಾಷೆಯ ಗಾದೆ’ ಅಂತ ಬರೆದ್ರೆ ನೀವು ನಗಲ್ವಾ? ಕನ್ನಡದ್ದು ಅನ್ನಿ, ತುಳುವಿನದ್ದು ಅನ್ನಿ. ಭಾರತೀಯ ಅನ್ನೋ ಒಂದು ಭಾಷೆ ಎಲ್ಲಿದೆ?” ಅಂದ್ರು. ಅಷ್ಟರಲ್ಲಿ ಬೆಲ್ಲಾಯ್ತು. ಎಲ್ಲರೂ ಕ್ಯಾಂಟೀನಿಗೆ ಹೋದ್ವಿ. ಆದರೆ ಆ ಪ್ರಶ್ನೆ ಮಾತ್ರ ನನ್ನ ಜೊತೆ ಹಾಸ್ಟೆಲಿಗೆ ಬಂತು.

ಹುಡುಕಿದಾಗ ಮೊದಲು ಗೊತ್ತಾಗಿದ್ದು, ಅಮೆರಿಕ ಸರ್ಕಾರವೇ ಅಧಿಕೃತವಾಗಿ ಒಪ್ಪಿಕೊಂಡಿರೋ ಮೂಲನಿವಾಸಿ ಸಮುದಾಯಗಳು 570ಕ್ಕೂ ಹೆಚ್ಚು ಅನ್ನೋದು. ಚೆರೋಕೀ, ನವಾಹೋ, ಲಕೋಟಾ, ಹೋಪಿ, ಅಲಾಸ್ಕಾದ ಗ್ವಿಚಿನ್... ಒಬ್ಬರ ಭಾಷೆ ಇನ್ನೊಬ್ಬರಿಗೆ ಅರ್ಥ ಆಗಲ್ಲ. ಗರಿಯ ಆ ದೊಡ್ಡ ಕಿರೀಟವನ್ನ ಎಲ್ಲರೂ ಹಾಕೋದೂ ಇಲ್ಲ, ಅದು ಮುಖ್ಯವಾಗಿ ಬಯಲುಸೀಮೆಯ ಲಕೋಟಾ ಥರದ ಜನರದ್ದು. ಕೊಲಂಬಸ್ ದಾರಿ ತಪ್ಪಿ ಅವರಿಗೆ ನಮ್ಮ ಹೆಸರಿಟ್ಟ. ಐನೂರು ವರ್ಷ ಆದ್ಮೇಲೂ ಅವರನ್ನೆಲ್ಲ ಒಂದೇ ಫೋಟೊದಲ್ಲಿ ತುಂಬೋ ಕೆಲಸ ನಡೀತಾನೇ ಇದೆ.

‘ನೇಟಿವ್’ ಅನ್ನೋ ಪದವೇ ನೋಡಿ. ನಮ್ಮ ಹಾಸ್ಟೆಲಿನಲ್ಲಿ ಹೊಸಬರಿಗೆ ಮೊದಲು ಕೇಳೋದು “ನಿಂದು ನೇಟಿವ್ ಯಾವ್ದು?” ಅಂತ. ಅದಕ್ಕೆ ತಿಪಟೂರು, ರಾಣೆಬೆನ್ನೂರು, ಕುಂದಾಪುರ ಅಂತ ಉತ್ತರ ಬರುತ್ತೆ. ಅಂದ್ರೆ ನಮಗೆ ನೇಟಿವ್ ಅಂದ್ರೆ ನಾವು ಬಿಟ್ಟು ಬಂದಿರೋ ಜಾಗ, ಹಬ್ಬಕ್ಕೆ ಬಸ್ ಬುಕ್ ಮಾಡೋ ಜಾಗ, ಅಜ್ಜಿ ತಾತ ಇರೋ ಜಾಗ. ಅವರಿಗೆ ನೇಟಿವ್ ಅಂದ್ರೆ ಬೇರೆಯವರು ಬರೋಕೆ ಮುಂಚಿನಿಂದ ಅಲ್ಲೇ ಇದ್ದವರು. ಬಿಟ್ಟು ಹೋಗದೇ ಇದ್ದವರನ್ನೂ ಬಲವಂತವಾಗಿ ಬಿಡಿಸಿದ್ರು ಅನ್ನೋದು ಬೇರೆ ಮಾತು. ಅದಕ್ಕೆ ಆಮೇಲೆ ಬರ್ತೀನಿ.

ನಾನು ಹುಡುಕ್ತಾ ಹೋಗಿದ್ದು ಗಾದೆಯನ್ನ. ಅದು ಕೊನೆಗೂ ಸಿಗಲಿಲ್ಲ. ಸಿಕ್ಕಿದ್ದು 2020ರ ಡಿಸೆಂಬರಿನ ಒಂದು ಸುದ್ದಿ. ಆಗ ನಾವೆಲ್ಲ ಮನೇಲಿ ಕೂತು ಆನ್‌ಲೈನ್ ಕ್ಲಾಸಿನಲ್ಲಿ ಕ್ಯಾಮೆರಾ ಆಫ್ ಮಾಡ್ಕೊಂಡಿದ್ವಿ. ಕೊರೊನಾ ಲಸಿಕೆ ಆಗಷ್ಟೇ ಬಂದಿತ್ತು, ಡೋಸ್‌ಗಳು ತೀರ ಕಡಿಮೆ. ಯಾರಿಗೆ ಮೊದಲು ಕೊಡಬೇಕು ಅಂತ ಜಗತ್ತೆಲ್ಲ ಲೆಕ್ಕ ಹಾಕ್ತಿತ್ತು. ಓಕ್ಲಹೋಮಾದ ಚೆರೋಕೀ ನೇಷನ್ ತನ್ನ ಮೊದಲ ಸಾಲಿನಲ್ಲಿ ಡಾಕ್ಟರು, ನರ್ಸುಗಳ ಜೊತೆ ಹಿರಿಯರನ್ನ ಸೇರಿಸ್ತು. ಅವರ ಜೊತೆಗೇ ಇನ್ನೊಂದು ಗುಂಪನ್ನೂ ಸೇರಿಸ್ತು. ಅದು ಚೆರೋಕೀ ಭಾಷೆಯನ್ನ ಸರಾಗವಾಗಿ ಮಾತಾಡೋರ ಗುಂಪು. ಡಕೋಟಾದ ಸ್ಟ್ಯಾಂಡಿಂಗ್ ರಾಕ್ ಸಮುದಾಯವೂ ಹಾಗೇ ಮಾಡ್ತು, ಲಕೋಟಾ-ಡಕೋಟಾ ಭಾಷೆ ಬರೋರಿಗೆ ಮೊದಲು.

ಇದನ್ನ ಓದಿ ನಾನು ಸ್ವಲ್ಪ ಹೊತ್ತು ಸುಮ್ಮನೆ ಕೂತಿದ್ದೆ. ಭಾಷೆ ಬರುತ್ತೆ ಅನ್ನೋ ಕಾರಣಕ್ಕೆ ಲಸಿಕೆ!

ಲೆಕ್ಕ ಹೀಗಿದೆ. ಚೆರೋಕೀ ನೇಷನ್ನಿನ ಸದಸ್ಯರು ಇವತ್ತು 4 ಲಕ್ಷಕ್ಕೂ ಹೆಚ್ಚು. ಅದರಲ್ಲಿ ಭಾಷೆಯನ್ನ ಸರಾಗವಾಗಿ ಮಾತಾಡೋರು ಸುಮಾರು 2,000. ಅವರಲ್ಲಿ ಬಹುಪಾಲು ವಯಸ್ಸಾದವರು. ನಮ್ಮ ಬ್ರಾಂಚಿನವರಿಗೆ ಅರ್ಥ ಆಗೋ ಹಾಗೆ ಹೇಳೋದಾದ್ರೆ ಬ್ಯಾಕಪ್ ಇಲ್ಲದ ಸರ್ವರ್. ಒಬ್ಬೊಬ್ಬ ಅಜ್ಜಿ ಹೋದಾಗಲೂ ಒಂದು ಡಿಸ್ಕ್ ಹೋದ ಹಾಗೆ.

ಈ ಸ್ಥಿತಿ ತಾನಾಗೇ ಬಂದಿದ್ದಲ್ಲ. 1879ರಲ್ಲಿ ಪೆನ್ಸಿಲ್ವೇನಿಯಾದ ಕಾರ್ಲೈಲ್‌ನಲ್ಲಿ ಒಂದು ಬೋರ್ಡಿಂಗ್ ಸ್ಕೂಲ್ ಶುರುವಾಯ್ತು. ಅದೇ ಮಾದರಿಯಲ್ಲಿ ನೂರಾರು ಸ್ಕೂಲು ನಡೆದವು. ಮೂಲನಿವಾಸಿ ಮಕ್ಕಳನ್ನ ಮನೆಯಿಂದ ಸಾವಿರಾರು ಕಿಲೋಮೀಟರ್ ದೂರ ಕರ್ಕೊಂಡು ಹೋಗಿ, ಕೂದಲು ಕತ್ತರಿಸಿ, ಹೆಸರು ಬದಲಾಯಿಸಿ, ತಮ್ಮ ಭಾಷೆ ಮಾತಾಡಿದ್ರೆ ಶಿಕ್ಷೆ ಕೊಡ್ತಿದ್ರು. ಇತಿಹಾಸದ ಪುಸ್ತಕಗಳು ಇದನ್ನ ಭಾಷೆ ಮತ್ತು ಸಂಸ್ಕೃತಿಯ ನಾಶ ಅಂತ ಬರೀತವೆ. ನನಗೆ ಕಾಣೋದು ಇನ್ನೂ ಸಣ್ಣದೊಂದು ವಿಷಯ. ಆ ಮಕ್ಕಳಿಂದ ಮೊದಲು ದೂರ ಮಾಡಿದ್ದು ಅಜ್ಜಿಯನ್ನ. ಅಪ್ಪ ಅಮ್ಮ ಬೇಟೆಗೋ ಹೊಲಕ್ಕೋ ಹೋದಾಗ ಮಕ್ಕಳ ಜೊತೆ ಇರೋದು, ಕಥೆ ಹೇಳೋದು, ಗಿಡದ ಹೆಸರು ಹೇಳಿಕೊಡೋದು ವಯಸ್ಸಾದವರು. ಆ ಕೊಂಡಿ ಕತ್ತರಿಸಿದ್ರೆ ಉಳಿದದ್ದೆಲ್ಲ ತಾನಾಗೇ ಬೀಳುತ್ತೆ ಅಂತ ಆ ಸ್ಕೂಲು ಕಟ್ಟಿದವರಿಗೆ ಚೆನ್ನಾಗಿ ಗೊತ್ತಿತ್ತು. 2024ರ ಅಕ್ಟೋಬರಿನಲ್ಲಿ ಅಮೆರಿಕದ ಅಧ್ಯಕ್ಷ ಬೈಡನ್ ಅರಿಝೋನಾದ ಗಿಲಾ ರಿವರ್‌ಗೆ ಹೋಗಿ ಇದಕ್ಕಾಗಿ ಕ್ಷಮೆ ಕೇಳಿದ್ರು. ಕಾರ್ಲೈಲ್ ಶುರುವಾಗಿ 145 ವರ್ಷ ಆದ್ಮೇಲೆ.

ಹಾಗಾಗಿ ಅಲ್ಲಿ ‘ಎಲ್ಡರ್’ ಅನ್ನೋ ಪದಕ್ಕೆ ಬರೀ ವಯಸ್ಸಿನ ಅರ್ಥ ಇಲ್ಲ. ಬಹಳಷ್ಟು ಸಮುದಾಯಗಳಲ್ಲಿ ಯಾರೂ ತಮ್ಮನ್ನ ತಾವೇ ಎಲ್ಡರ್ ಅಂತ ಕರ್ಕೊಳ್ಳೋದಿಲ್ಲ, ಬೇರೆಯವರು ಹಾಗೆ ಕಾಣಬೇಕು. ಕನ್ನಡದಲ್ಲೂ ಈ ವ್ಯತ್ಯಾಸ ಇದೆ ಅಂತ ಇದನ್ನ ಬರೆಯೋವಾಗ ಹೊಳೀತು. ಮುದುಕ ಬೇರೆ, ಹಿರಿಯ ಬೇರೆ. ಹಿರಿಯ, ಹಿರಿದು, ಹಿರಿಮೆ ಎಲ್ಲ ಒಂದೇ ಬೇರಿನ ಪದಗಳು. ಮುದುಕ ಆಗೋಕೆ ಸುಮ್ಮನೆ ಬದುಕಿದ್ರೆ ಸಾಕು. ಹಿರಿಯ ಆಗೋಕೆ ನಿಮ್ಮ ಸುತ್ತ ಇರೋರ ಒಪ್ಪಿಗೆ ಬೇಕು. (ಕ್ಯಾಂಪಸ್ಸಿನಲ್ಲಿ ಮೂರನೇ ಪದ ಒಂದಿದೆ, ಅಂಕಲ್. ಅದು ಬೈಗುಳ. ಫೈನಲ್ ಇಯರ್ ಹುಡುಗನಿಗೆ ಅಂಕಲ್ ಅಂದು ನೋಡಿ, ಗೊತ್ತಾಗುತ್ತೆ. ಇಪ್ಪತ್ತೆರಡಕ್ಕೇ ಮುಪ್ಪಿನ ಭಯ ನಮಗೆ.)

ಇನ್ನೊಂದು ಮಜಾ ವಿಷಯ. ಹಿರಿಯರಿಗೆ ಊಟ, ಆರೈಕೆ ಕೊಡೋಕೆ ಅಮೆರಿಕದಲ್ಲಿ ಒಂದು ಕಾಯ್ದೆ ಇದೆ. ಅದರಲ್ಲಿ ಮೂಲನಿವಾಸಿಗಳಿಗೆ ಅಂತಲೇ ಇರೋ ಭಾಗದಲ್ಲಿ, ಎಷ್ಟು ವಯಸ್ಸಿಗೆ ಹಿರಿಯರು ಅನ್ನೋದನ್ನ ಆಯಾ ಸಮುದಾಯವೇ ತೀರ್ಮಾನ ಮಾಡಬಹುದು. ಹಲವರು 55 ಅಂತ ಇಟ್ಕೊಂಡಿದಾರೆ. ನಾನು ಇದನ್ನ ಅಪ್ಪನಿಗೆ ಫೋನಿನಲ್ಲಿ ಹೇಳಿದೆ. ಅವರಿಗೀಗ 51. “ಅಂದ್ರೆ ಇನ್ನು ನಾಲ್ಕು ವರ್ಷಕ್ಕೆ ನನ್ನ ಮಾತು ಕೇಳ್ತೀಯಾ?” ಅಂದ್ರು. ನಕ್ಕಿದ್ದಾಯ್ತು. ಆದರೆ 55ರ ಹಿಂದೆ ನಗು ಬರೋ ಕಾರಣ ಇಲ್ಲ. 2021ರಲ್ಲಿ ಅಮೆರಿಕದ ಮೂಲನಿವಾಸಿಗಳ ಸರಾಸರಿ ಆಯಸ್ಸು ಸುಮಾರು 65 ವರ್ಷ ಇತ್ತು. ಇಡೀ ದೇಶದ ಸರಾಸರಿ ಸುಮಾರು 76. ಹನ್ನೊಂದು ವರ್ಷದ ವ್ಯತ್ಯಾಸ. ಅಲ್ಲಿ ವಯಸ್ಸಾಗೋದೇ ಒಂದು ಅಪರೂಪದ ಸಂಗತಿ. ಅದನ್ನ ಗೌರವಿಸೋದರಲ್ಲಿ ಇದೂ ಒಂದು ಪಾಲಿರಬೇಕು.

ಗೌರವ ಅಂದ್ರೆ ಅವರು ಏನು ಮಾಡ್ತಾರೆ ಅಂತ ನೋಡ್ತಾ ಹೋದೆ. ನನಗೆ ಬಹಳ ಹಿಡಿಸಿದ್ದು, ಅವರು ಹಿರಿಯರಿಗೆ ಕೆಲಸ ಕೊಡ್ತಾರೆ. ಇರೋಕ್ವಾ ಅಂತ ಹೊರಗಿನವರು ಕರೆಯೋ ಹೋಡೆನೊಶೋನಿ ಜನರಲ್ಲಿ ನಾಯಕನನ್ನ ಆರಿಸೋದು ಕುಲದ ತಾಯಂದಿರು. ಅವನು ಸರಿಯಾಗಿ ನಡ್ಕೊಳ್ಳದಿದ್ರೆ ಇಳಿಸೋದೂ ಅವರೇ.

ಕ್ಯಾಲಿಫೋರ್ನಿಯಾದ ಮರಿ ವಿಲ್‌ಕಾಕ್ಸ್ ಕಥೆ ಇನ್ನೂ ಚೆನ್ನಾಗಿದೆ. ಇವರು ವುಕ್ಚುಮ್ನಿ ಜನಾಂಗದವರು. ಆ ಭಾಷೆಯನ್ನ ಸರಾಗವಾಗಿ ಮಾತಾಡೋರಲ್ಲಿ ಕೊನೆಗೆ ಉಳಿದಿದ್ದು ಇವರೊಬ್ಬರೇ. ವಯಸ್ಸಾದ ಮೇಲೆ, ನೆನಪಿಗೆ ಬಂದ ಪದಗಳನ್ನ ಹಳೇ ಲಕೋಟೆಗಳ ಮೇಲೆ ಗೀಚ್ಕೊಳ್ಳೋಕೆ ಶುರು ಮಾಡಿದ್ರು. ಆಮೇಲೆ ಕಂಪ್ಯೂಟರ್ ಮುಂದೆ ಕೂತು ಒಂದೊಂದೇ ಅಕ್ಷರ ಹುಡುಕಿ ಒತ್ತಿ ಒತ್ತಿ ವರ್ಷಗಟ್ಟಲೆ ಟೈಪ್ ಮಾಡಿದ್ರು. ಮಗಳು ಜೊತೆಗೆ ಕೂತ್ಲು. ಆ ಭಾಷೆಗೆ ಒಂದು ನಿಘಂಟೇ ಆಯ್ತು. ಆಮೇಲೆ ಅಷ್ಟೂ ಪದಗಳನ್ನ ತಮ್ಮ ದನಿಯಲ್ಲಿ ರೆಕಾರ್ಡ್ ಮಾಡೋಕೆ ಕೂತ್ರು, ಮೊಮ್ಮಗ ಜೊತೆಗಿದ್ದ. 2014ರಲ್ಲಿ ಇವರ ಬಗ್ಗೆ ಒಂದು ಚಿಕ್ಕ ಸಾಕ್ಷ್ಯಚಿತ್ರ ಬಂತು, ಹತ್ತು ನಿಮಿಷವೂ ಇಲ್ಲ, ಮೆಸ್ಸಿನಲ್ಲಿ ಕ್ಯೂ ನಿಂತಾಗ ನೋಡಿ ಮುಗಿಸಬಹುದು. 2021ರಲ್ಲಿ, 87ನೇ ವಯಸ್ಸಿನಲ್ಲಿ ತೀರ್ಕೊಂಡ್ರು. ಅಷ್ಟರಲ್ಲಿ ಮನೆಯ ಮಕ್ಕಳು ಮೊಮ್ಮಕ್ಕಳು ಆ ಭಾಷೆ ಕಲೀತಿದ್ರು.

ಚೆರೋಕೀಯವರದ್ದಂತೂ ನಮ್ಮಂಥವರು ಓದಲೇಬೇಕು. ಸಿಕ್ವೋಯಾ ಅನ್ನೋ ಒಬ್ಬ ಮನುಷ್ಯ, ಇಂಗ್ಲಿಷ್ ಓದೋಕೆ ಬರದವನು, 1821ರ ಹೊತ್ತಿಗೆ ತನ್ನ ಭಾಷೆಗೆ ಒಬ್ಬನೇ ಲಿಪಿ ಮಾಡಿ ಮುಗಿಸಿದ್ದ. ನಮ್ಮ ಕಾಗುಣಿತದ ಹಾಗೆ ಅದರಲ್ಲೂ ಒಂದು ಉಚ್ಚಾರಕ್ಕೆ ಒಂದು ಅಕ್ಷರ. ಆ ಲಿಪಿ 2010ರಲ್ಲಿ ಐಫೋನಿಗೆ ಬಂತು. ಡರ್ಬಿನ್ ಫೀಲಿಂಗ್ ಅನ್ನೋ ಚೆರೋಕೀ ವಿದ್ವಾಂಸರು 1975ರಲ್ಲಿ ನಿಘಂಟು ಮಾಡಿದ್ರು, ಮುಂದೆ ಲಿಪಿ ಕಂಪ್ಯೂಟರಿಗೆ ಬರೋದರಲ್ಲೂ ಅವರ ಕೆಲಸ ಇದೆ. ಮೊಬೈಲಿಗೆ ಬೇಕಾದ ಹೊಸ ಪದಗಳನ್ನ ಮಾಡೋಕೆ ಭಾಷೆ ಬಲ್ಲ ಹಿರಿಯರ ಹತ್ತಿರಾನೇ ಹೋಗಬೇಕಿತ್ತು. ಯೋಚನೆ ಮಾಡಿ. ನಮ್ಮ ಮನೆಗಳಲ್ಲಿ ಅಜ್ಜಿಗೆ ಮೊಬೈಲ್ ಕಲಿಸೋದು ನಾವು. ಅಲ್ಲಿ ಮೊಬೈಲಿಗೆ ಭಾಷೆ ಕಲಿಸಿದ್ದು ಅಜ್ಜಿಯರು.

ನಮ್ಮ ಮನೆಯ ವಿಷಯ ಇಲ್ಲಿ ಹೇಳಬೇಕು. ನಮ್ಮ ನೇಟಿವ್ ತಿಪಟೂರಿನ ಹತ್ತಿರ ಒಂದು ಹಳ್ಳಿ. ಅಲ್ಲಿ ಅಜ್ಜಿ, ತಾತ ಇದಾರೆ. ಅಜ್ಜಿಗೆ 74. ಎರಡು ವರ್ಷದ ಹಿಂದೆ ಮಂಡಿ ಆಪರೇಷನ್ ಆದ್ಮೇಲೆ ಮನೇಲಿ ಎಲ್ಲರದ್ದೂ ಒಂದೇ ರಾಗ: “ನೀವು ಕೂತ್ಕೊಳ್ಳಿ, ಮಾಡಿದ್ದು ಸಾಕು, ಇನ್ನು ಆರಾಮಾಗಿರಿ.” ಪ್ರೀತಿಯಿಂದಾನೇ ಹೇಳೋದು. ಹಬ್ಬಕ್ಕೆ ಹೋದವರೆಲ್ಲ ಕಾಲಿಗೆ ಬೀಳ್ತಾರೆ, ಸೋಫಾ ಮೇಲೆ ಕೂರಿಸ್ತಾರೆ, ಕೈಗೆ ಕಾಫಿ ಕೊಡ್ತಾರೆ, ಆಮೇಲೆ ತಮ್ಮ ತಮ್ಮ ಮಾತು. ಒಂದು ಸಲ ಅಜ್ಜಿ ನನ್ನ ಹತ್ತಿರ ಅಂದ್ರು, “ಗಣಪತಿ ಕೂರಿಸ್ದಂಗೆ ಕೂರಿಸವ್ರೆ ಕಣೆ. ಪೂಜೆ ಎಲ್ಲಾ ಜೋರಾಗೇ ನಡೀತೈತೆ. ಒಂದಿನ ಎತ್ಕೊಂಡೋಗಿ ಬಿಡ್ತಾರೆ.” ಅಂತ ಹೇಳಿ ತಾವೇ ನಕ್ರು. ನನಗೆ ನಗು ಬರಲಿಲ್ಲ.

ಈ ಬೇಸಿಗೆ ರಜೆಯಲ್ಲಿ ನಾನು ಅಜ್ಜಿಯ ಹತ್ತಿರ ಕೂತು ಕೊಬ್ಬರಿ ವಿಷಯ ಕೇಳಿ ಬರ್ಕೊಂಡೆ. ಯಾವ ಕಾಯಿ ಅಟ್ಟಕ್ಕೆ ಹಾಕಬೇಕು, ಯಾವುದು ಕೊಬ್ಬರಿ ಆಗಲ್ಲ, ಅಲ್ಲಾಡಿಸಿದಾಗ ಬರೋ ಸದ್ದಿನಲ್ಲಿ ಹೇಗೆ ಗೊತ್ತಾಗುತ್ತೆ. ಒಳಗೆ ನೀರು ಪೂರ್ತಿ ಬತ್ತಿ ಗಿಟುಕು ಚಿಪ್ಪು ಬಿಟ್ಟಾಗ ಲೊಟಲೊಟ ಅನ್ನುತ್ತೆ, ಆಗ ಇಳಿಸಬೇಕು. ಹೇಳ್ತಾ ಹೇಳ್ತಾ ಅಜ್ಜಿಯ ಬೆನ್ನು ನೆಟ್ಟಗಾಗಿದ್ದನ್ನ ನಾನು ಕಣ್ಣಾರೆ ನೋಡಿದೀನಿ. ಮಂಡಿ ನೋವಿನ ಮಾತೇ ಇಲ್ಲ. ನನ್ನ ಬರಹ ನೋಡಿ “ಇದೇನೇ ಕೋಳಿ ಕಾಲು” ಅಂತ ಬೈದಿದ್ದೂ ಆಯ್ತು. ಇಂಗ್ಲಿಷ್ ಮೀಡಿಯಂ ಕನ್ನಡ ಅಕ್ಷರ ಹಾಗೇ ಇರುತ್ತೆ ಬಿಡಿ.

ಇಲ್ಲಿಗೆ ಲೇಖನ ಮುಗಿಸಿದ್ರೆ ಚೆನ್ನಾಗಿರ್ತಿತ್ತು. ಹಿರಿಯರಿಗೆ ಕೆಲಸ ಕೊಡಿ, ಅವರ ಹತ್ತಿರ ಕಲೀರಿ, ಅದೇ ಗೌರವ. ಎಡಿಟರ್‌ಗೆ ಸಾವಿರ ಪದದಲ್ಲಿ ಕಳಿಸಿ ಕೈ ತೊಳ್ಕೊಬಹುದಿತ್ತು. ಆದರೆ ಮನೇಲಿ ತಾತನೂ ಇದಾರೆ.

ತಾತ ಕೆಇಬಿಯಲ್ಲಿ ಲೈನ್‌ಮನ್ ಆಗಿದ್ದವರು. ಸುತ್ತ ಹದಿನೈದು ಹಳ್ಳಿಯ ಕಂಬ ಹತ್ತಿದವರು. ಮಳೇಲಿ ರಾತ್ರಿ ಹನ್ನೆರಡಕ್ಕೆ ಟಿಸಿ ಹತ್ತಿರ ಫ್ಯೂಸ್ ಹಾಕೋಕೆ ಹೋಗ್ತಿದ್ದವರು. ನಾನು ಎಲೆಕ್ಟ್ರಿಕಲ್ ತಗೊಂಡಿದ್ದಕ್ಕೆ ಕಾರಣ ಸಿಇಟಿ ರ‍್ಯಾಂಕ್ ಅಂತ ಎಲ್ಲರಿಗೂ ಹೇಳ್ತೀನಿ, ಪೂರ್ತಿ ಕಾರಣ ಅದಲ್ಲ. ಈಗ ತಾತನಿಗೆ 81. ಮರೆವಿನ ಕಾಯಿಲೆ ಶುರುವಾಗಿ ನಾಲ್ಕು ವರ್ಷ ಆಯ್ತು. ನನ್ನ ಹೆಸರು ಕೆಲವು ದಿನ ಇರುತ್ತೆ, ಕೆಲವು ದಿನ ಇರಲ್ಲ. ದಿನಕ್ಕೆ ಇಪ್ಪತ್ತು ಸಲ ಒಂದೇ ಪ್ರಶ್ನೆ ಕೇಳ್ತಾರೆ: “ಕರೆಂಟ್ ಬಂತಾ?” ಫ್ಯಾನ್ ತಿರುಗ್ತಾನೇ ಇರುತ್ತೆ, ಟಿವಿ ಓಡ್ತಾನೇ ಇರುತ್ತೆ. “ಬಂತು ತಾತ” ಅನ್ಬೇಕು. ಐದು ನಿಮಿಷಕ್ಕೆ ಮತ್ತೆ, “ಕರೆಂಟ್ ಬಂತಾ?”

ತಾತನ ಹತ್ತಿರ ಏನು ಕೇಳಿ ಬರ್ಕೊಳ್ಳೋದು?

ಚೆರೋಕೀ ಕಥೆ ಓದಿ ಖುಷಿಯಾದಾಗಲೇ ಈ ಪ್ರಶ್ನೆ ಒಳಗೆ ಚುಚ್ಚೋಕೆ ಶುರುವಾಗಿತ್ತು. ಹಿರಿಯರು ಗ್ರಂಥಾಲಯ, ಹಿರಿಯರು ನಿಧಿ ಅಂತೆಲ್ಲ ಹೇಳ್ತೀವಿ. ಪುಸ್ತಕದ ಹಾಳೆ ಎಲ್ಲ ಅಳಿಸಿ ಹೋಗಿದ್ರೆ? ಉಪಯೋಗಕ್ಕೆ ಬರ್ತಾರೆ ಅಂತ ಗೌರವಿಸೋದಾದ್ರೆ, ಉಪಯೋಗ ಮುಗಿದ ದಿನ?

ಇದಕ್ಕೆ ಉತ್ತರ ಹುಡುಕ್ತಿದ್ದಾಗ ಸಿಕ್ಕಿದ್ದು ‘ಟೂ ಓಲ್ಡ್ ವಿಮೆನ್’ ಅನ್ನೋ ಒಂದು ಚಿಕ್ಕ ಪುಸ್ತಕ. 1993ರಲ್ಲಿ ಬಂದಿದ್ದು. ಬರೆದವರು ವೆಲ್ಮಾ ವಾಲಿಸ್, ಅಲಾಸ್ಕಾದ ಗ್ವಿಚಿನ್ ಹೆಣ್ಣುಮಗಳು. ಅವರಿಗೆ ಅವರಮ್ಮ ಹೇಳಿದ ಹಳೇ ಕಥೆ. ಗರಿ ಕಿರೀಟದ ಫೋಟೊ ಹಾಕೋರು ಈ ಕಥೆಯನ್ನ ಖಂಡಿತ ಫಾರ್ವರ್ಡ್ ಮಾಡಲ್ಲ, ಯಾಕಂದ್ರೆ ಇದು ಹಿರಿಯರನ್ನ ಬಿಟ್ಟು ಹೋದವರ ಕಥೆ.

ಭೀಕರ ಚಳಿಗಾಲ. ಬೇಟೆ ಸಿಗ್ತಿಲ್ಲ, ಗುಂಪು ಹಸಿವಿನಿಂದ ಸಾಯೋ ಸ್ಥಿತಿ. ನಾಯಕ ತೀರ್ಮಾನ ಮಾಡ್ತಾನೆ, ಇಬ್ಬರು ಮುದುಕಿಯರನ್ನ ಇಲ್ಲೇ ಬಿಟ್ಟು ಮುಂದೆ ಹೋಗೋಣ. ಒಬ್ಬಳಿಗೆ 80, ಹೆಸರು ಚಿಡ್ಜಿಗ್ಯಾಕ್, ಅಂದ್ರೆ ಒಂದು ಪುಟ್ಟ ಹಕ್ಕಿ. ಇನ್ನೊಬ್ಬಳಿಗೆ 75, ಹೆಸರು ಸಾ, ಅಂದ್ರೆ ನಕ್ಷತ್ರ. ಚಿಡ್ಜಿಗ್ಯಾಕಳ ಸ್ವಂತ ಮಗಳು ಆ ಗುಂಪಲ್ಲೇ ಇದಾಳೆ, ಮೊಮ್ಮಗನೂ ಇದಾನೆ. ಯಾರೂ ಬಾಯಿ ಬಿಡಲ್ಲ, ಬಿಟ್ರೆ ತಮಗೇನಾಗುತ್ತೋ ಅನ್ನೋ ಭಯ. ಮಗಳು ತೊಗಲಿನ ಹುರಿಯ ಒಂದು ಕಟ್ಟು ಕೊಟ್ಟು ಹೋಗ್ತಾಳೆ. ಮೊಮ್ಮಗ ತನ್ನ ಮೂಳೆಯ ಕೊಡಲಿಯನ್ನ ಗುಟ್ಟಾಗಿ ಮರದಲ್ಲಿ ಬಿಟ್ಟು ಹೋಗ್ತಾನೆ.

ನಮ್ಮಲ್ಲಿ ವಯಸ್ಸಾದವರು ತಮ್ಮ ಬಗ್ಗೆ ಹೇಳ್ಕೊಳ್ಳೋ ಒಂದು ಮಾತಿದೆಯಲ್ಲ, ಊರು ಹೋಗು ಅನ್ನುತ್ತೆ, ಕಾಡು ಬಾ ಅನ್ನುತ್ತೆ. ಚಿಕ್ಕವಳಿದ್ದಾಗಿನಿಂದ ಕೇಳಿದೀನಿ, ಅದು ಸಾವಿನ ಮಾತು ಅಂತ ಗೊತ್ತು. ಈ ಕಥೆಯಲ್ಲಿ ಊರು ನಿಜವಾಗಿಯೂ ಹೋಗು ಅನ್ನುತ್ತೆ. ಕಾಡು ನಿಜವಾಗಿಯೂ ಬಾ ಅನ್ನುತ್ತೆ. ಆದರೆ ಸಾಯೋಕಲ್ಲ. ಆ ಇಬ್ಬರು ಹುರಿಯಿಂದ ಬಲೆ ಕಟ್ಟಿ ಮೊಲ ಹಿಡೀತಾರೆ, ಕೊಡಲಿ ಎಸೆದು ಅಳಿಲು ಹೊಡೀತಾರೆ, ಹಿಮದ ಮೇಲೆ ನಡೆಯೋಕೆ ಪಾದಕ್ಕೆ ಕಟ್ಟೋ ಚೌಕಟ್ಟು ಮಾಡ್ಕೊಂಡು, ಹಿಂದೆ ಯಾವಾಗಲೋ ಮೀನು ಸಿಕ್ಕಿದ್ದ ಜಾಗಕ್ಕೆ ನಡ್ಕೊಂಡು ಹೋಗ್ತಾರೆ. ಬೇಸಿಗೆಯಲ್ಲಿ ಮೀನು ಒಣಗಿಸಿ ರಾಶಿ ಹಾಕ್ತಾರೆ. ಮುಂದಿನ ಚಳಿಗಾಲಕ್ಕೆ ಅದೇ ಗುಂಪು ಮತ್ತೆ ಹಸಿದು ಬರುತ್ತೆ. ಇವರ ಹತ್ತಿರ ಊಟ ಇದೆ. ಕೊನೆಗೆ ಕೊಡ್ತಾರೆ, ಆದರೆ ತಕ್ಷಣ ಅಲ್ಲ. ನಂಬಿಕೆ ಮರಳೋಕೆ ಹೊತ್ತು ಬೇಕಾಗುತ್ತೆ, ಅದನ್ನ ವಾಲಿಸ್ ಮುಚ್ಚಿಡಲ್ಲ.

ಅವರು ಇನ್ನೊಂದನ್ನೂ ಮುಚ್ಚಿಡಲ್ಲ, ನನಗೆ ಅದೇ ಬಹಳ ಇಷ್ಟ. ಬಿಟ್ಟು ಹೋಗೋ ಮುಂಚೆ ಆ ಇಬ್ಬರೂ ದಿನವಿಡೀ ಗೊಣಗೋ ಮುದುಕಿಯರು. ಇಲ್ಲಿ ನೋವು, ಅಲ್ಲಿ ನೋವು ಅಂತ, ಎಲ್ಲ ಕೆಲಸ ಬೇರೆಯವರಿಂದ ಮಾಡಿಸ್ಕೊಳ್ತಾ ಇದ್ದವರು. ಕೈಯಲ್ಲಿ ಊರುಗೋಲು, ಅದು ಅಷ್ಟೇನೂ ಬೇಕಿರಲಿಲ್ಲ. ಅಂದ್ರೆ ಮುಪ್ಪು ಅನ್ನೋದನ್ನ ಸುತ್ತಲಿನವರು ಮತ್ತು ಅವರು ಇಬ್ಬರೂ ಸೇರಿ ಕಟ್ಟಿದ್ರು. ನಮ್ಮಜ್ಜಿಯ ಗಣಪತಿ ನೆನಪಾಗಲಿಲ್ವಾ?

ಆದರೂ ನನ್ನ ಪ್ರಶ್ನೆಗೆ ಈ ಕಥೆ ಪೂರ್ತಿ ಉತ್ತರ ಕೊಡಲ್ಲ. ಆ ಇಬ್ಬರಿಗೆ ಬೇಟೆಯಾಡೋದು ನೆನಪಿತ್ತು, ಹಾಗಾಗಿ ಗೆದ್ರು. ಅವರಲ್ಲೊಬ್ಬಳಿಗೆ ತಾತನ ಕಾಯಿಲೆ ಇದ್ದಿದ್ರೆ ಎರಡನೇ ಅಧ್ಯಾಯಕ್ಕೇ ಪುಸ್ತಕ ಮುಗೀತಿತ್ತು. ನಾಯಕನ ಲೆಕ್ಕವೂ ಉಪಯೋಗದ ಲೆಕ್ಕವೇ ಅಲ್ವಾ? ಇವರಿಂದ ಏನೂ ಬರಲ್ಲ, ಬಿಡೋಣ. ಅವನ ಲೆಕ್ಕ ತಪ್ಪಾಯ್ತು, ಯಾಕಂದ್ರೆ ಅವರಿಂದ ಮೀನು ಬಂತು. ಬರದಿದ್ರೆ ಅವನು ಸರಿ ಅಂತಾಗ್ತಿತ್ತಾ?

ಮೂಲನಿವಾಸಿಗಳೆಲ್ಲ ಹಿರಿಯರನ್ನ ದೇವರ ಹಾಗೆ ನೋಡ್ಕೋತಾರೆ ಅಂತ ನಾನು ಹೇಳ್ತಿಲ್ಲ. ಅಲ್ಲೂ ಮನೆ ಮನೆಯಲ್ಲಿ ಕಷ್ಟ ಇದೆ. ಹಿರಿಯರ ಮೇಲಿನ ದೌರ್ಜನ್ಯ ತಡೆಯೋಕೆ ಅಂತಲೇ ನಾರ್ತ್ ಡಕೋಟಾ ವಿಶ್ವವಿದ್ಯಾಲಯದಲ್ಲಿ ಮೂಲನಿವಾಸಿಗಳ ಒಂದು ಯೋಜನೆ ನಡೀತಿದೆ. ನಮ್ಮಲ್ಲಿ ಅಪ್ಪ ಅಮ್ಮನನ್ನ ನೋಡ್ಕೊಳ್ಳಿ ಅಂತ 2007ರಲ್ಲಿ ಕಾಯ್ದೆ ಮಾಡಬೇಕಾಯ್ತಲ್ಲ, ಹಾಗೇ. ನಮ್ಮ ಅಂಕೋಲದ ಹಾಲಕ್ಕಿ ಹಿರಿಯರನ್ನೇ ನೆನೆಸ್ಕೊಳ್ಳಿ. ಕಾಡಿನ ಗಿಡಗಳನ್ನ ಮಕ್ಕಳ ಹಾಗೆ ಬಲ್ಲ ತುಳಸಿ ಗೌಡ 2024ರ ಡಿಸೆಂಬರಿನಲ್ಲಿ ಹೋದ್ರು, ಹಾಡುಗಳ ಕಣಜವೇ ಆಗಿದ್ದ ಸುಕ್ರಿ ಬೊಮ್ಮಗೌಡ 2025ರ ಫೆಬ್ರವರಿಯಲ್ಲಿ ಹೋದ್ರು. ಇಬ್ಬರಿಗೂ ಪದ್ಮಶ್ರೀ ಬಂದಿತ್ತು. ತುಳಸಿ ಗೌಡ ಬರಿಗಾಲಲ್ಲಿ ಪ್ರಶಸ್ತಿ ತಗೊಂಡ ಫೋಟೊ ನಾವೆಲ್ಲ ಸ್ಟೇಟಸ್ ಹಾಕಿದ್ದೇ ಹಾಕಿದ್ದು. ಅದೂ ಒಂಥರಾ ಗರಿ ಕಿರೀಟದ ಫೋಟೊನೇ. ಅವರ ಹತ್ತಿರ ಕೂತು ಕಲಿತವರು ಎಷ್ಟು ಜನ ಅನ್ನೋದು ಫೋಟೊದಲ್ಲಿ ಕಾಣಲ್ಲ.

ಕೊನೆಗೆ ನನಗೆ ಸ್ವಲ್ಪ ಸಮಾಧಾನ ಕೊಟ್ಟಿದ್ದು ತುಂಬ ಸಾಧಾರಣವಾದ ಒಂದು ಪದ್ಧತಿ. ಹಲವು ಮೂಲನಿವಾಸಿ ಸಮುದಾಯಗಳ ಹಬ್ಬದಲ್ಲಿ, ಪೌವಾವ್ ಅನ್ನೋ ಕುಣಿತದ ಕೂಟದಲ್ಲಿ, ಊಟ ಶುರುವಾಗೋದು ಹಿರಿಯರಿಂದ. ಅವರು ಎದ್ದು ಕ್ಯೂ ನಿಲ್ಲಲ್ಲ. ಹುಡುಗ ಹುಡುಗಿಯರು ತಟ್ಟೆಗೆ ಬಡಿಸ್ಕೊಂಡು ಅವರು ಕೂತಲ್ಲಿಗೆ ತಗೊಂಡು ಹೋಗ್ತಾರೆ. ಅವರದ್ದು ಆದ್ಮೇಲೆ ಉಳಿದವರದ್ದು. ಆ ತಟ್ಟೆ ಕೊಡೋವಾಗ ಯಾರೂ ‘ನಿಮಗೆ ಭಾಷೆ ಬರುತ್ತಾ, ಎಷ್ಟು ಕಥೆ ಗೊತ್ತು’ ಅಂತ ಕೇಳಲ್ಲ. ಲಸಿಕೆಯ ಸುದ್ದಿಯನ್ನ ಮತ್ತೆ ಓದಿದಾಗ ಅಲ್ಲೂ ಅದೇ ಕಂಡಿತು. ಚೆರೋಕೀ ನೇಷನ್ನಿನ ಮೊದಲ ಸಾಲಲ್ಲಿ ಭಾಷೆ ಬಲ್ಲವರು ಇದ್ರು, ಸರಿ. ಆದರೆ ಹಿರಿಯರಿಗೆ ಬೇರೆಯಾಗಿಯೇ ಜಾಗ ಇತ್ತು. ಭಾಷೆ ಬರದ, ಬೋರ್ಡಿಂಗ್ ಸ್ಕೂಲಿನ ದೆಸೆಯಿಂದ ಭಾಷೆ ಕೈತಪ್ಪಿದ ಹಿರಿಯರಿಗೂ. ನಾನು ಮೊದಲ ಸಲ ಓದಿದಾಗ ಭಾಷೆಯ ಸಾಲಿನ ಮೇಲೇ ಕಣ್ಣು ನೆಟ್ಟಿತ್ತು, ಅದು ಹೊಸದಾಗಿತ್ತಲ್ಲ.

ಹೋದ ತಿಂಗಳು ಚಿಕ್ಕಪ್ಪನ ಮಗಳ ಮದುವೆ. ನಮ್ಮ ಕಡೆ ಮದುವೆ ಊಟ ಹೇಗಿರುತ್ತೆ ಅಂತ ಗೊತ್ತಲ್ಲ, ಒಂದು ಪಂಕ್ತಿ ತಿಂತಿರೋವಾಗಲೇ ಮುಂದಿನ ಪಂಕ್ತಿಯವರು ಕುರ್ಚಿ ಹಿಂದೆ ನಿಂತಿರ್ತಾರೆ. ತಾತನಿಗೆ ಆ ಗದ್ದಲದಲ್ಲಿ ಗಾಬರಿ ಆಗುತ್ತೆ. ನಾನು, ನನ್ನ ತಮ್ಮ ಒಂದು ಎಲೆಗೆ ಬಡಿಸ್ಕೊಂಡು ರೂಮಿಗೆ ತಗೊಂಡು ಹೋದ್ವಿ. ಮೊದಲ ಪಂಕ್ತಿಗೂ ಮುಂಚೆ. ತಾತ ಪೂರ್ತಿ ಊಟ ಮಾಡಿದ್ರು, ಎರಡು ಸಲ ಪಾಯಸ ಹಾಕಿಸ್ಕೊಂಡ್ರು, ಯಾರ ಮದುವೆ ಅಂತ ಕೇಳಿದ್ರು, ಹೇಳಿದ್ವಿ, ಮತ್ತೆ ಕೇಳಿದ್ರು.

ಅದೇ ರೂಮಿನಲ್ಲಿ ಟ್ಯೂಬ್‌ಲೈಟ್ ಪಟಪಟ ಅಂತಿತ್ತು. ತಮ್ಮ ಕುರ್ಚಿ ಹಾಕ್ಕೊಂಡು ಅದನ್ನ ತಿರುಗಿಸೋಕೆ ಹತ್ತಿದ. ತಾತ ಎಲೆ ಮುಂದೆ ಕೂತಲ್ಲಿಂದಲೇ ಗದರಿದ್ರು: “ಏಯ್, ಎಲ್‌ಸಿ ತಗೊಂಡಿದೀಯೇನೋ?”

ಎಲ್‌ಸಿ ಅಂದ್ರೆ ಲೈನ್ ಕ್ಲಿಯರ್. ಕಂಬ ಹತ್ತೋ ಮುಂಚೆ ಸ್ಟೇಷನ್ನಿನಿಂದ ಲೈನ್ ಆಫ್ ಮಾಡಿಸಿ ತಗೋಬೇಕಾದ ಒಪ್ಪಿಗೆ. ಅದಿಲ್ಲದೆ ಹತ್ತಿದವನು ಇಳಿಯಲ್ಲ. ತಮ್ಮ ಇಳಿದು, ಸ್ವಿಚ್ ಆಫ್ ಮಾಡಿ, ಮತ್ತೆ ಹತ್ತಿದ. ಇದನ್ನ ಬರೆದ್ರೆ ‘ನೋಡಿ, ತಾತನಿಂದಲೂ ಕಲಿಯೋದಿದೆ’ ಅಂತ ಓದ್ಕೊಳ್ಳೋರು ಇರ್ತಾರೆ ಅಂತ ಗೊತ್ತು. ತಾತ ಆ ಮಾತು ಹೇಳೋ ಹೊತ್ತಿಗೆ ಪಾಯಸ ಆಗಲೇ ಎರಡನೇ ಸಲ ಎಲೆಗೆ ಬಿದ್ದಿತ್ತು, ಅಷ್ಟೇ ನಾನು ಹೇಳೋದು.

ಮೊನ್ನೆ ಭಾನುವಾರ ಫೋನ್ ಮಾಡಿದೆ. ಹಾಸ್ಟೆಲಿನಲ್ಲಿ ನಿಜವಾಗಿಯೂ ಪವರ್ ಹೋಗಿತ್ತು, ಮಳೆ. ಅಜ್ಜಿ ಫೋನನ್ನ ತಾತನ ಕಿವಿಗೆ ಹಿಡಿದ್ರು.

“ಕರೆಂಟ್ ಬಂತಾ?”

“ಇಲ್ಲ ತಾತ, ಇವತ್ತು ಬಂದಿಲ್ಲ.”

ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ, “ಬತ್ತದೆ ಬಿಡು ಮಗ, ಹುಡುಗ್ರು ಲೈನ್ ಮೇಲವ್ರೆ” ಅಂದ್ರು.